ಸಂಜೆಯೊಳಗಿನ ಕೂಲಿ

ಆ ಶನಿವಾರ ಸಂಜೆ ಮೇಸ್ತ್ರಿ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಜಗಲಿಯ ಕೆಳಗೆ ಬಂದು ನಿಂತರು. ಏನೂ ಕೇಳಲಿಲ್ಲ. ಕೂಲಿಗೆ ನಿಂತವರು ಬಾಯಿಬಿಟ್ಟು ಕೇಳುವುದಿಲ್ಲ. ಸುಮ್ನೆ ನಿಲ್ಲುತ್ತಾರೆ.

ಕೆಲವು ವರ್ಷದ ಹಿಂದಿನ ಮಾತು ಇದು. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಹಿಂದಿನ ಮಳೆಗಾಲಕ್ಕೆ ಹಿತ್ತಿಲ ಕಡೆಯ ಚಿರೇಕಲ್ಲಿನ ಕಂಪೌಂಡು ಒಂದು ಮೂಲೆಯಲ್ಲಿ ಕುಸಿದಿತ್ತು. ಕದ್ರಾ ಕಡೆಯ ಮೇಸ್ತ್ರಿಯೊಬ್ಬರು ಬಂದು ಶುಕ್ರವಾರ, ಶನಿವಾರ ಎರಡು ದಿನ ಕೂತು ಕಟ್ಟಿಕೊಟ್ಟರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ದಿನಕ್ಕೆ 800ರಂತೆ ಎರಡು ದಿನದ ಕೂಲಿ 1,600 ರೂಪಾಯಿ. ನನ್ನ ಪರ್ಸಿನಲ್ಲಿ ಇದ್ದದ್ದು ಮುನ್ನೂರು. ಹತ್ತಿರದ ಎಟಿಎಂನಲ್ಲಿ ಆವತ್ತು ದುಡ್ಡಿರಲಿಲ್ಲ. ಮೇಸ್ತ್ರಿಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಹಾಗಾಗಿ ಅದರಲ್ಲಿ ಕಳಿಸುವ ದಾರಿಯೂ ಇರಲಿಲ್ಲ.

ಆದರೆ ಕಪಾಟಿನಲ್ಲಿ 2,000 ರೂಪಾಯಿ ಇತ್ತು. ಇದನ್ನು ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಆ ಬುಧವಾರವಷ್ಟೇ ಬೂದಿ ಬುಧವಾರ ಆಗಿತ್ತು, ಈಸ್ಟರಿಗೆ ಮುಂಚಿನ ನಮ್ಮ ತಪಸ್ಸು ಕಾಲ ಶುರುವಾಗುವ ದಿನ. ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ಚರ್ಚಿನಲ್ಲಿ ಎಲ್ಲರಿಗೂ ಒಂದು ಕವರ್ ಕೊಟ್ಟಿದ್ದರು. ತಪಸ್ಸು ಕಾಲದ ನಲವತ್ತು ದಿನ ನಾವು ಬಿಟ್ಟದ್ದು, ಉಳಿಸಿದ್ದು ಎಲ್ಲ ಆ ಕವರಿಗೆ. ಕೊನೆಗೆ ಅದು ಬಡವರಿಗೆ ಹೋಗುತ್ತದೆ. ನಾನು ಹುರುಪಿನಲ್ಲಿ ಮೊದಲ ದಿನವೇ 2,000 ಹಾಕಿ, ಕವರ್ ಅಂಟಿಸಿ, ಮೇರಿ ಮಾತೆಯ ಪಟದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೆ. ದೇವರಿಗೆ ಅಂತ ಎತ್ತಿಟ್ಟದ್ದನ್ನು ಒಡೆಯುವುದು ಬೇಡ ಅನ್ನಿಸಿತು.

"ಮೇಸ್ತ್ರಿ, ಮಂಗಳವಾರ ಈ ಕಡೆ ಬರ್ತೀರಾ? ಆವತ್ತು ಪೂರ್ತಿ ಒಟ್ಟಿಗೆ ಕೊಟ್ಟುಬಿಡ್ತೇನೆ" ಅಂದೆ.

ಅವರು ಒಂದು ಗಳಿಗೆ ನಿಂತರು. "ಅಡ್ಡಿಲ್ಲ ಅಕ್ಕೋರೆ" ಅಂದರು. ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟರು.

ಅಡ್ಡಿಲ್ಲ ಅನ್ನುವ ಮಾತು ನಮ್ಮ ಉತ್ತರ ಕನ್ನಡದವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತದೆ. ಊಟ ಹೇಗಾಯ್ತು, ಅಡ್ಡಿಲ್ಲ. ನಾಳೆ ಬಾ, ಅಡ್ಡಿಲ್ಲ. ಕೈಯಿಂದ ಲೋಟ ಬಿದ್ದು ಒಡೆಯಿತು, ಅಡ್ಡಿಲ್ಲ ಬಿಡು. ಒಪ್ಪಿಗೆಯೂ ಅದೇ, ಸಮಾಧಾನವೂ ಅದೇ. ಬೇರೆ ಏನೂ ಹೇಳಲು ತೋಚದೆ ಹೋದಾಗ ಬರುವುದೂ ಅದೇ ಮಾತು. ಆ ಸಂಜೆ ಮೇಸ್ತ್ರಿ ಹೇಳಿದ್ದು ಯಾವ ಅಡ್ಡಿಲ್ಲ ಅಂತ ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಮಾರನೇ ದಿನ ಭಾನುವಾರ. ಕಾರವಾರದ ಸಂತೆ. ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ಹಾಗೇ ಸಂತೆಗೆ ಹೋದೆ. ಈರುಳ್ಳಿ ರಾಶಿಯ ಹತ್ತಿರ ಮೇಸ್ತ್ರಿ ಸಿಕ್ಕಿದರು. ಜೊತೆಯಲ್ಲಿ ಹೆಂಡತಿ, ಅವರ ಕೈಯಲ್ಲಿ ಮಡಚಿದ ಚೀಲ. ಮೇಸ್ತ್ರಿಯೇ ಮೊದಲು ಮಾತಾಡಿಸಿದರು. "ಏನ್ ಅಕ್ಕೋರೆ, ಪೂಜೆ ಮುಗೀತಾ?" ಅಂತ ನಕ್ಕರು. ನಾನೂ ನಕ್ಕೆ. ಬದನೆ, ಬಸಳೆ, ಎರಡು ಕಿಲೋ ಈರುಳ್ಳಿ ತಗೊಂಡು ಆಟೋ ಹತ್ತಿದೆ. ಆ ಚೀಲ ಯಾಕೆ ಮಡಚಿಕೊಂಡೇ ಇತ್ತು ಅಂತ ಒಂದು ಕ್ಷಣವೂ ಯೋಚನೆ ಬರಲಿಲ್ಲ. ಶನಿವಾರದ ಕೂಲಿ ಭಾನುವಾರದ ಸಂತೆಗೆ ಅನ್ನುವುದು ಈ ಊರಿನ ಮಕ್ಕಳಿಗೂ ಗೊತ್ತಿರುವ ಲೆಕ್ಕ. ನನಗೂ ಗೊತ್ತಿತ್ತು.

ಸೋಮವಾರ ಬೆಳಗಿನ ಪೂಜೆಯಲ್ಲಿ ಮೊದಲನೇ ವಾಚನ ಓದುವ ಸರದಿ ನನ್ನದು. ತಪಸ್ಸು ಕಾಲದ ಮೊದಲ ಸೋಮವಾರಕ್ಕೆ ನಮ್ಮ ಕಥೋಲಿಕ ಧರ್ಮಸಭೆ ಪ್ರತಿವರ್ಷ ಇಡುವುದು ಒಂದೇ ವಾಚನ, ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ. ಎಷ್ಟೋ ವರ್ಷ ಕೇಳಿದ್ದೇನೆ. ದೇವರು ಮೋಶೆಗೆ ಹೇಳುತ್ತಾರೆ: ನಾನು ಪವಿತ್ರನಾಗಿರುವ ಹಾಗೆ ನೀವೂ ಪವಿತ್ರರಾಗಿರಿ. ಇಷ್ಟನ್ನು ನಾನು ಚೆನ್ನಾಗಿಯೇ ಓದಿದೆ. ಶಾಲೆಯಲ್ಲಿ ಪಾಠ ಮಾಡಿ ಅಭ್ಯಾಸವಾದ ಗಂಟಲು. ಆಮೇಲೆ ಕದಿಯಬೇಡ, ಸುಳ್ಳು ಹೇಳಬೇಡ, ನೆರೆಯವನನ್ನು ಸುಲಿಯಬೇಡ. ಅದರ ಬೆನ್ನಿಗೇ ಆ ಸಾಲು: ಕೂಲಿಯವನ ಕೂಲಿಯನ್ನು ರಾತ್ರಿಯಿಡೀ ಬೆಳಗಿನವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ.

ಗಂಟಲು ಕಟ್ಟಿತು. ಎರಡು ರಾತ್ರಿ ಕಳೆದಿತ್ತು. ಮುಂದಿನ ಸಾಲು ಎಲ್ಲಿ ಅಂತ ಕಣ್ಣಿಗೆ ಸಿಗಲಿಲ್ಲ. ಕೆಳಗೆ ಕೂತಿದ್ದ ಇಪ್ಪತ್ತು ಮೂವತ್ತು ಜನ ನನಗೆ ಕೆಮ್ಮು ಬಂತು ಅಂದುಕೊಂಡಿರಬೇಕು. ಹೇಗೋ ಓದಿ ಮುಗಿಸಿ ಬಂದು ಬೆಂಚಿನಲ್ಲಿ ಕೂತೆ. ಆವತ್ತಿನ ಶುಭಸಂದೇಶ, ಅಂದರೆ ಯೇಸುವಿನ ಮಾತು ಬರುವ ವಾಚನ, ಮತ್ತಾಯನದು, ಕೊನೆಯ ತೀರ್ಪಿನ ಭಾಗ. ಹಸಿದಿದ್ದೆ, ನೀನು ಊಟ ಕೊಟ್ಟೆಯಾ ಇಲ್ಲವಾ ಅಂತ ಕೇಳುವ ಭಾಗ. ತಲೆ ಎತ್ತಲು ಆಗಲಿಲ್ಲ.

ಆವತ್ತಿನವರೆಗೆ ಪವಿತ್ರತೆ ಅಂದರೆ ನನ್ನ ಮನಸ್ಸಿನಲ್ಲಿ ಏನಿತ್ತು? ಬಹಳ ಮಟ್ಟಿಗೆ ಚಿಕ್ಕಂದಿನ ಪಟಗಳು. ಕೈಯಲ್ಲಿ ಲಿಲ್ಲಿ ಹೂವು ಹಿಡಿದ ಸಂತ ಅಂತೋನಿ, ಗುಲಾಬಿ ಹಿಡಿದ ಸಂತ ತೆರೇಸಾ, ಎಲ್ಲರ ಕಣ್ಣೂ ಮೇಲಕ್ಕೆ. ದೊಡ್ಡವಳಾದ ಮೇಲೆ ಅದಕ್ಕೆ ಇನ್ನಷ್ಟು ಸೇರಿದವು. ತಪ್ಪದೆ ಪೂಜೆ, ಸಂಜೆ ಮನೆಯಲ್ಲಿ ತೆರ್ಸ್ ಅನ್ನುವ ಜಪಸರದ ಪ್ರಾರ್ಥನೆ, ಶುಕ್ರವಾರ ಮೀನು ಮಾಂಸ ಬಿಡುವುದು, ತಿಂಗಳಿಗೊಮ್ಮೆ ಚರ್ಚಿನ ಗುರುಗಳ ಮುಂದೆ ಪಾಪ ನಿವೇದನೆ. ಇವೆಲ್ಲ ಬೇಕು. ನಾನು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಇವೆಲ್ಲ ದಿನದ ಕೆಲಸದ ಮೇಲೆ ಇನ್ನೊಂದು ಕೆಲಸದ ಹಾಗೆ ಕೂತಿದ್ದವು. ಅಡುಗೆ, ಶಾಲೆ, ಸಂತೆ ಒಂದು ಕಡೆ. ದೇವರ ಲೆಕ್ಕ ಇನ್ನೊಂದು ಕಡೆ.

ಮನೆಗೆ ಬಂದು ಆ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಪೂಜೆಯಲ್ಲಿ ಓದುವುದು ಅದರ ಒಂದು ತುಂಡು ಮಾತ್ರ. ಪೂರ್ತಿ ಓದಿದರೆ ಆಶ್ಚರ್ಯವಾಗುತ್ತದೆ. ಪವಿತ್ರರಾಗಿರಿ ಅಂತ ಶುರುವಾದ ಅಧ್ಯಾಯದಲ್ಲಿ ತಕ್ಕಡಿ ಬರುತ್ತದೆ, ತೂಕದ ಕಲ್ಲು ಬರುತ್ತದೆ, ಅಳತೆಯ ಪಾತ್ರೆ ಬರುತ್ತದೆ. ಎಲ್ಲ ಸರಿಯಾಗಿರಲಿ ಅನ್ನುತ್ತದೆ. ಕಿವುಡನನ್ನು ಬೈಯಬೇಡ, ಕುರುಡನ ದಾರಿಯಲ್ಲಿ ಎಡವುವಂಥದ್ದನ್ನು ಇಡಬೇಡ ಅನ್ನುತ್ತದೆ. ಗದ್ದೆ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರಿಗೆ ಮತ್ತು ಪರದೇಶಿಗಳಿಗೆ ಅನ್ನುತ್ತದೆ.

ಈ ಕೊನೆಯದು ಓದಿದಾಗ ನನಗೆ ರಂಪಣಿ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಕಡಲ ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಲು ಓಡುತ್ತಿದ್ದೆವು. ಎರಡೂ ಕಡೆ ಹಗ್ಗ ಹಿಡಿದು ಹತ್ತಾರು ಜನ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ಎಳೆಯಲು ಕೈಲಾಗದ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಮರಳಿನಲ್ಲಿ ಕೂತಿರುತ್ತಿದ್ದಳು. ಅವಳ ಬುಟ್ಟಿಗೂ ಯಾರಾದರೂ ಒಂದು ಬೊಗಸೆ ಬಂಗಡೆ ಹಾಕದೆ ಹೋಗುತ್ತಿರಲಿಲ್ಲ. ಅದನ್ನು ಯಾರೂ ದಾನ ಅಂತ ಕರೆದದ್ದು ನಾನು ಕೇಳಿಲ್ಲ. ಅವಳ ಪಾಲು ಅನ್ನುತ್ತಿದ್ದರು. ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು. ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದಿದೆ. ಅವಳ ಪಾಲು.

ಮಧ್ಯಾಹ್ನದ ಬಿಡುವಿನಲ್ಲಿ ಮೇಸ್ತ್ರಿಯನ್ನು ಹುಡುಕಿಕೊಂಡು ಹೊರಟೆ. ಅವರನ್ನು ನಮ್ಮ ಮನೆಗೆ ಕಳಿಸಿದ ಅಂಗಡಿಯವರು, ಹಬ್ಬುವಾಡದಲ್ಲಿ ಒಂದು ಮನೆಯ ಕೆಲಸ ನಡೆದಿದೆ ನೋಡಿ ಅಂದರು. ಹೋದಾಗ ಅವರು ಮರಳಿನ ರಾಶಿಯ ಪಕ್ಕ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ಅನ್ನ, ಸ್ವಲ್ಪ ಸಾರು, ಒಣಮೀನು. ಎದ್ದು ನಿಲ್ಲಲು ಹೋದರು. ಬೇಡ, ಕೂತ್ಕೊಳ್ಳಿ ಅಂದೆ. ಕವರಿನಿಂದ ತೆಗೆದ ದುಡ್ಡನ್ನು ಎಣಿಸಿ ಕೊಟ್ಟೆ. ಎಡಗೈಯಲ್ಲಿ ತಗೊಳ್ಳಬೇಕಲ್ಲ ಅಂತ ಸಂಕೋಚಪಟ್ಟು, ಊಟದ ಕೈ ತೊಳೆದು, ಒರೆಸಿಕೊಂಡು, ಎರಡೂ ಕೈಯಲ್ಲಿ ತಗೊಂಡರು.

"ನಾಳೆ ನಾನೇ ಬರ್ತಿದ್ನಲ್ಲ ಅಕ್ಕೋರೆ" ಅಂದರು.

"ಶನಿವಾರವೇ ಕೊಡಬೇಕಿತ್ತು. ಸಂತೆ ಹೇಗೆ ಮಾಡಿದ್ರಿ?"

"ಅಕ್ಕಿ ಅಂಗಡೀಲಿ ಸಾಲ ಹೇಳಿದೆ. ಅಡ್ಡಿಲ್ಲಾಗಿತ್ತು."

ನನ್ನದು ತಪ್ಪಾಯಿತು ಅಂದೆ. ಅವರಿಗೆ ಅದು ಜಾಸ್ತಿಯಾಯಿತು. ನೆಲ ನೋಡಿದರು. ನಾನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಅವರ ಊಟ ಆರುತ್ತಿತ್ತು.

ಆ ವಾರ ಪಾಪ ನಿವೇದನೆಗೆ ಹೋದಾಗ ಇದನ್ನೇ ಹೇಳಿದೆ. ನಾನು ಬೇರೆ ಎಷ್ಟೋ ವಿವರಿಸಲು ಹೊರಟಿದ್ದೆ. ಎಟಿಎಂ, ಕವರ್, ಒಳ್ಳೆಯ ಉದ್ದೇಶ. ಗುರುಗಳು ನಡುವೆ ಒಂದೇ ಮಾತು ಕೇಳಿದರು. "ಕೊಟ್ಟಿರಾ?" ಕೊಟ್ಟೆ ಅಂದೆ. ಕ್ಷಮೆಯ ಪ್ರಾರ್ಥನೆ ಶುರು ಮಾಡಿದರು. ಅವರು ಕೇಳಬೇಕಾದ ಮಾತೇ ಅದು. ಮಾಡಿದ ನಷ್ಟವನ್ನು ಆದಷ್ಟು ತುಂಬಿಕೊಡಬೇಕು, ತಗೊಂಡದ್ದನ್ನು ವಾಪಸ್ ಕೊಡಬೇಕು, ಬರೀ ಪಶ್ಚಾತ್ತಾಪ ಸಾಲದು ಅಂತ ಧರ್ಮಸಭೆಯ ಬೋಧನೆಯೇ ಹೇಳುತ್ತದೆ.

ಆಮೇಲೆ ನಾನು ಸ್ವಲ್ಪ ಹುಡುಕಿ ಓದಿದೆ. ಕೂಲಿಯ ವಿಷಯದಲ್ಲಿ ನಮ್ಮ ಕಥೋಲಿಕ ಬೋಧನೆ ಇಷ್ಟು ಕಟುವಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಪರಲೋಕಕ್ಕೆ ಕೂಗಿ ಮೊರೆಯಿಡುವ ಪಾಪಗಳು ಅಂತ ಕ್ಯಾಟೆಕಿಸಂ, ಅಂದರೆ ನಮ್ಮ ಬೋಧನೆಯ ಅಧಿಕೃತ ಪುಸ್ತಕ, ಕೆಲವನ್ನು ಹೆಸರಿಸುತ್ತದೆ. ಅಣ್ಣನ ಕೈಯಲ್ಲಿ ಆದ ಆಬೇಲನ ಕೊಲೆಯ ಜೊತೆಗೆ, ಅದೇ ಸಾಲಿನಲ್ಲಿ, ಕೂಲಿಯವನಿಗೆ ಮಾಡುವ ಅನ್ಯಾಯವೂ ಇದೆ. ಬೈಬಲಿನ ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿ ತಡೆಹಿಡಿದ ಕೂಲಿಯೇ ಕೂಗುತ್ತದೆ. ಕೂಲಿಯವನು ಸುಮ್ಮನಿದ್ದರೂ ಕೂಲಿ ಸುಮ್ಮನಿರುವುದಿಲ್ಲ. ಮೇಸ್ತ್ರಿ ಅಡ್ಡಿಲ್ಲ ಅಂದರು. ಕಪಾಟಿನಲ್ಲಿದ್ದ 2,000 ರೂಪಾಯಿ ಅಡ್ಡಿ ಇದೆ ಅನ್ನುತ್ತಿತ್ತು.

ಇನ್ನೊಂದು ಮಾತಂತೂ ನನಗಾಗಿಯೇ ಬರೆದ ಹಾಗಿತ್ತು. ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ನಮ್ಮಂಥ ಸಾಮಾನ್ಯ ಭಕ್ತರ ಸೇವೆಯ ಬಗ್ಗೆ ಹೊರಡಿಸಿದ ಪತ್ರದಲ್ಲಿದೆ. ಮೊದಲು ನ್ಯಾಯವಾಗಿ ಸಲ್ಲಬೇಕಾದ್ದನ್ನು ಸಲ್ಲಿಸಿ, ಅವರಿಗೆ ಹಕ್ಕಿನಿಂದ ಬರಬೇಕಾದ್ದನ್ನೇ ದಾನ ಅಂತ ಕೊಡಬೇಡಿ ಅನ್ನುವುದು ಅದರ ಅರ್ಥ. ನಾನು ಮಾಡಿದ್ದು ಅದಕ್ಕಿಂತ ಒಂದು ಹೆಜ್ಜೆ ಕೆಳಗೆ. ದಾನಕ್ಕೆ ಅಂತ ಬಾಕಿಯನ್ನೇ ತಡೆದಿದ್ದೆ.

ಪವಿತ್ರತೆ ದಯೆಯಿಂದ ಶುರುವಾಗುತ್ತದೆ ಅಂದುಕೊಂಡಿದ್ದವಳು ನಾನು. ಈಗ ನನಗೆ ಅದು ಬಾಕಿಯಿಂದ ಶುರುವಾಗುತ್ತದೆ ಅನ್ನಿಸುತ್ತದೆ. ಯಾರಿಗೆ ಏನು ಸಲ್ಲಬೇಕು? ಸಲ್ಲಿಸಿದೆಯಾ? ದಯೆ, ತ್ಯಾಗ, ಉಪವಾಸ ಎಲ್ಲ ಅದರ ಮೇಲೆ ಕಟ್ಟುವ ಗೋಡೆ. ಅಡಿಪಾಯವಿಲ್ಲದ ಕಂಪೌಂಡು ಒಂದೇ ಮಳೆಗೆ ಏನಾಗುತ್ತದೆ ಅಂತ ನಮ್ಮ ಹಿತ್ತಿಲಲ್ಲೇ ನೋಡಿದ್ದೇನೆ.

ಪವಿತ್ರತೆ ಸ್ವಾಮಿಗಳಿಗೆ, ಸಿಸ್ಟರುಗಳಿಗೆ ಬಿಟ್ಟ ವಿಷಯ ಅನ್ನುವ ಭಾವನೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿತ್ತು. ಅದೇ ಮಹಾಸಭೆ 1964ರ ನವೆಂಬರ್‌ನಲ್ಲಿ ಧರ್ಮಸಭೆಯ ಬಗ್ಗೆ ಕೊಟ್ಟ ಮುಖ್ಯ ದಾಖಲೆಯ ಒಂದು ಇಡೀ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿತು. ಗಂಡ ಹೆಂಡತಿ, ವಿಧವೆಯರು, ದುಡಿಯುವವರು, ಕಾಯಿಲೆಯವರು, ಎಲ್ಲರಿಗೂ ಕರೆ ಒಂದೇ. ಅವರವರ ಬದುಕಿನ ಜಾಗದಲ್ಲೇ. 2018ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನೇ ಇನ್ನೂ ಹತ್ತಿರ ತಂದು, ಪಕ್ಕದ ಮನೆಯ ಸಂತರು ಅಂದರು. ಅವರು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಒಬ್ಬ ಹೆಂಗಸು ಸಾಮಾನು ತರಲು ಹೋಗುತ್ತಾಳೆ. ದಾರಿಯಲ್ಲಿ ಗೊತ್ತಿದ್ದವಳು ಸಿಕ್ಕಿ ಮಾತು ಇನ್ನೊಬ್ಬರ ಮೇಲೆ ಹೊರಳುತ್ತದೆ. ಇಲ್ಲ, ನಾನು ಯಾರ ಬಗ್ಗೆಯೂ ಕೆಟ್ಟದ್ದು ಆಡುವುದಿಲ್ಲ ಅಂತ ಅವಳು ಮನಸ್ಸಿನಲ್ಲೇ ನಿಶ್ಚಯ ಮಾಡುತ್ತಾಳೆ. ಮನೆಗೆ ಬಂದರೆ ಮಗು ಏನೋ ಹೇಳಬೇಕು ಅನ್ನುತ್ತದೆ. ಸುಸ್ತಾಗಿದ್ದರೂ ಕೂತು ಕೇಳುತ್ತಾಳೆ. ನಮ್ಮ ಮೀನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಇದರಲ್ಲಿ ಮೊದಲನೆಯದೇ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಮ್ಮ ಕರಾವಳಿಗೆ ಸಂತರ ನೆನಪೂ ಉಂಟು. 1651ರಲ್ಲಿ ಗೋವಾದಲ್ಲಿ ಹುಟ್ಟಿದ ಜೋಸೆಫ್ ವಾಜ್ ಗುರುಗಳು 1680ರ ದಶಕದಲ್ಲಿ ಕೆನರಾ ಸೀಮೆಯಲ್ಲಿ ಕೆಲಸ ಮಾಡಿದವರು. ಆಮೇಲೆ ಶ್ರೀಲಂಕಾಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಅವರನ್ನು ಸಂತ ಅಂತ ಘೋಷಿಸಿದರು. ವೇಷ ಮರೆಸಿಕೊಂಡು ಲಂಕೆಗೆ ಹೋದದ್ದು, ಸೆರೆ ಸೇರಿದ್ದು ಎಲ್ಲ ನಾವು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತೇವೆ. ಕ್ಯಾಂಡಿಗೆ ಸಿಡುಬು ಬಂದಾಗ ಮನೆಯವರೇ ಬಿಟ್ಟು ಹೋದ ರೋಗಿಗಳ ಆರೈಕೆಗೆ ಅವರು ನಿಂತದ್ದನ್ನು ಅಷ್ಟು ಹೇಳುವುದಿಲ್ಲ. ನನಗೆ ಅವರು ಹತ್ತಿರವಾದದ್ದು ಅಲ್ಲಿ. ಯಾಕೆ ಅಂದರೆ ಮುಂದಿನ ವರ್ಷ ನನ್ನ ಮನೆಯಲ್ಲೇ ಒಂದು ಹಾಸಿಗೆ ಬಿತ್ತು.

ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಮೇಲೆ ಹದಿನಾಲ್ಕು ತಿಂಗಳು ಎದ್ದು ಓಡಾಡಲಿಲ್ಲ. ನಾನು ಅವರನ್ನು ಮಾಯ್ ಅಂತ ಕರೆಯುತ್ತಿದ್ದೆ. ಹಗಲಿಗೆ ಒಬ್ಬಳು ಬಂದು ನೋಡಿಕೊಳ್ಳುತ್ತಿದ್ದಳು. ರಾತ್ರಿ ನಾನು. ಶಾಲೆ, ಅಡುಗೆ, ಪರೀಕ್ಷೆಯ ಪೇಪರು ಮುಗಿಸಿ ಹನ್ನೊಂದಕ್ಕೆ ಮಲಗಿದರೆ ರಾತ್ರಿ ಒಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಕರೆ ಬರುತ್ತಿತ್ತು.

ಒಂದು ರಾತ್ರಿ ಅವರು ಕರೆದರು. ನನಗೆ ಎಚ್ಚರವಿತ್ತು. ಎರಡನೇ ಸಲ ಕರೆದರು. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಮೂರನೇ ಸಲ ಸಣ್ಣ ದನಿಯಲ್ಲಿ ಕರೆದರು, ಎಬ್ಬಿಸಲು ಮನಸ್ಸಿಲ್ಲದವರ ಹಾಗೆ. ಆಮೇಲೆ ಕರೆಯಲಿಲ್ಲ. ಗಡಿಯಾರದ ಸದ್ದು ಕೇಳುತ್ತಾ ಬಿದ್ದುಕೊಂಡಿದ್ದೆ. ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ಬಟ್ಟೆ ಬದಲಿಸುವಾಗ ಅವರು ನನ್ನ ಮುಖ ನೋಡದೆ, ನಿನಗೆ ನಿದ್ದೆ ಹತ್ತಿತ್ತು, ಪರವಾಗಿಲ್ಲ ಅಂದರು. ಕೊಂಕಣಿಯಲ್ಲಿ ಹೇಳಿದ್ದು. ಆದರೆ ಅದು ಮೇಸ್ತ್ರಿಯ ಅಡ್ಡಿಲ್ಲವೇ. ಈ ಸಲ ನನಗೆ ಕೇಳಿಸಿತು.

ಅದೇ 19ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ನರೆಗೂದಲಿನವರ ಮುಂದೆ ಎದ್ದು ನಿಲ್ಲು ಅಂತ. ಅದು ಮರ್ಯಾದೆಯ ಮಾತು ಅಂದುಕೊಂಡಿದ್ದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವಂಥದ್ದು. ರಾತ್ರಿ ಎರಡು ಗಂಟೆಗೆ ಆ ಮಾತಿನ ಅರ್ಥ ಅಕ್ಷರಕ್ಕೆ ಅಕ್ಷರ ಅದೇ. ಎದ್ದು ನಿಲ್ಲು.

ನಾವು ಲಿಟಲ್ ಫ್ಲವರ್ ಅನ್ನುವ, ಫ್ರಾನ್ಸಿನ ಲಿಸ್ಯೂವಿನ ತೆರೇಸಾ 1897ರಲ್ಲಿ, 24ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡವಳು. ಹದಿನೈದಕ್ಕೆ ಕಾರ್ಮೆಲ್ ಮಠ ಸೇರಿದವಳು ಆಚೆ ಬಂದದ್ದಿಲ್ಲ. ಅವಳು ಬರೆದಿಟ್ಟದ್ದರಲ್ಲಿ ಒಬ್ಬ ಮುದಿ ಸಿಸ್ಟರ್ ಬರುತ್ತಾರೆ. ಪ್ರತಿ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಅವರನ್ನು ಪ್ರಾರ್ಥನೆಯಿಂದ ಎಬ್ಬಿಸಿ ಊಟದ ಕೋಣೆಗೆ ಕರೆದೊಯ್ಯಬೇಕು. ಜೋರಾಗಿ ನಡೆದರೆ ಬೈಗುಳ, ನಿಧಾನ ನಡೆದರೆ ಕೈ ಬಿಟ್ಟೆ ಅಂತ ಬೈಗುಳ. ಕೂರಿಸಿದ ಮೇಲೆ ತೋಳಿನ ಬಟ್ಟೆಯನ್ನು ಅವರು ಹೇಳಿದ ಹಾಗೇ ಮಡಚಬೇಕು. ಕೆಲವು ದಿನದ ಮೇಲೆ ತೆರೇಸಾಳ ಕಣ್ಣಿಗೆ ಬಿತ್ತು, ಅವರಿಗೆ ರೊಟ್ಟಿ ತುಂಡು ಮಾಡಲು ಕಷ್ಟ. ಅವರು ಕೇಳಿರಲಿಲ್ಲ. ಇವಳೇ ತುಂಡು ಮಾಡಿ ಕೊಟ್ಟಳು. ಹೊರಡುವ ಮುಂಚೆ ಒಂದು ಒಳ್ಳೆಯ ನಗು ನಕ್ಕಳು. ಇಷ್ಟೇ. ಇಂಥದ್ದನ್ನು ಬರೆದವಳನ್ನು ಧರ್ಮಸಭೆ 1925ರಲ್ಲಿ ಸಂತಳೆಂದು ಘೋಷಿಸಿತು, 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿನಲ್ಲಿ ಕೂರಿಸಿತು.

ಕೇಳದೆಯೇ ಕಂಡ ಆ ರೊಟ್ಟಿಯನ್ನು ನಾನು ತುಂಬ ಸಲ ನೆನೆಸಿಕೊಂಡೆ. ಕೇಳದವರಿಗೂ ಬಾಕಿ ಇರುತ್ತದೆ. ಮಾಯ್‌ಗೆ ಬೇಕಿದ್ದದ್ದು ಬಟ್ಟೆ ಬದಲಿಸುವ ಕೈ ಒಂದೇ ಅಲ್ಲ. ತೆರ್ಸಿನ ಎರಡನೇ ಹತ್ತು ಮಣಿಗೇ ಅವರಿಗೆ ಲೆಕ್ಕ ತಪ್ಪುತ್ತಿತ್ತು, ಮಣಿ ಬೆರಳಿನಿಂದ ಜಾರುತ್ತಿತ್ತು. ಜೊತೆಗೆ ಕೂತು ಹೇಳುವವರು ಬೇಕಿತ್ತು. ಕೆಳಗೆ ಕೂತು, ಅವರ ಬೆರಳನ್ನು ನನ್ನ ಬೆರಳಿನಲ್ಲಿ ಹಿಡಿದು, ಒಂದೊಂದೇ ಮಣಿ ಸರಿಸುತ್ತಾ ಹೇಳಲು ಶುರು ಮಾಡಿದೆ. ಎಷ್ಟೋ ದಿನ ನಡುವೆಯೇ ಅವರಿಗೆ ನಿದ್ದೆ ಬರುತ್ತಿತ್ತು. ಬೆರಳು ಬಿಡದೆ ಉಳಿದದ್ದನ್ನು ನಾನು ಮುಗಿಸುತ್ತಿದ್ದೆ.

ಎಲ್ಲ ರಾತ್ರಿಯೂ ಪ್ರೀತಿಯಿಂದ ಎದ್ದೆ ಅಂತ ಹೇಳಲಾರೆ. ಸಿಟ್ಟಿನಿಂದ ಎದ್ದ ರಾತ್ರಿಗಳಿವೆ. ಅಳುತ್ತಾ ಎದ್ದದ್ದೂ ಇದೆ. ಎದ್ದದ್ದು ನನ್ನ ಬಲದಿಂದ ಅಂತಂತೂ ಹೇಳುವುದೇ ಇಲ್ಲ. ಪವಿತ್ರತೆಯನ್ನು ಜ್ಞಾನಸ್ನಾನದಲ್ಲಿ, ಅಂದರೆ ಬ್ಯಾಪ್ಟಿಸಂನಲ್ಲಿ, ದೇವರೇ ಮೊದಲು ಕೊಟ್ಟಿರುತ್ತಾರೆ, ಕೊಟ್ಟದ್ದನ್ನು ಬದುಕಿನಲ್ಲಿ ಉಳಿಸಿ ಬೆಳೆಸುವುದು ನಮ್ಮ ಕೆಲಸ ಅಂತ ಮಹಾಸಭೆ ಹೇಳುತ್ತದೆ. ಅಂದರೆ ನಾನೂ ಸಾಲಗಾತಿಯೇ. ನನಗೆ ಹಾಕಿಕೊಟ್ಟದ್ದನ್ನೇ ನಾನು ಬಡಿಸುತ್ತಿದ್ದೇನೆ.

ಮಾಯ್ ಹೋಗಿ ಈಗ ಎರಡು ವರ್ಷ. ಅವರ ಜಪಸರ ನನ್ನ ದಿಂಬಿನ ಪಕ್ಕ ಇರುತ್ತದೆ.

ಅಡುಗೆಮನೆಯಲ್ಲಿ ಉಪ್ಪಿನ ಭರಣಿಯ ಹಿಂದೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದೇನೆ. ಕೆಲಸಕ್ಕೆ ಯಾರನ್ನಾದರೂ ಕರೆಯುವ ಮುಂಚೆ ಅವರ ಕೂಲಿ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಕರೆಯುವುದಿಲ್ಲ. ತಪಸ್ಸು ಕಾಲದ ಕವರಿಗೆ ಹಾಕುವುದು ಆಮೇಲೆ.

ಈ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಮಾಡಿನ ಹಂಚು ನೋಡಲು ಅದೇ ಮೇಸ್ತ್ರಿ ಬಂದಿದ್ದರು. ಒಡೆದದ್ದು ಹದಿನೇಳು ಹಂಚು. ಐದೂವರೆಗೆ ಏಣಿ ಇಳಿದು ಬಾವಿಕಟ್ಟೆಗೆ ಹೋದರು. ಅವರು ಕಾಲು ತೊಳೆಯುವಷ್ಟರಲ್ಲಿ ನಾನು ಒಲೆಯ ಮೇಲೆ ಚಹಾ ಇಟ್ಟು, ಡಬ್ಬಿ ತೆಗೆದು, ಎಣಿಸಿಕೊಂಡು ಜಗಲಿಗೆ ಬಂದೆ. ಅವರು ಬಂದು ನಿಲ್ಲುವುದಕ್ಕೆ ಮುಂಚೆ ನಾನು ನಿಂತಿದ್ದೆ.

"ಚಾ ಕುಡಿದ್ಮೇಲೆ ಕೊಟ್ಟಿದ್ರೂ ಅಡ್ಡಿಲ್ಲಾಗಿತ್ತು ಅಕ್ಕೋರೆ" ಅಂದರು.

"ಇಲ್ಲ ಮೇಸ್ತ್ರಿ, ತಗೊಳ್ಳಿ."

ಮಡಚಿ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ಮೇಲಿನ ಎರಡು ರೀಪು ಗೆದ್ದಲು ತಿಂದಿದೆ, ಜೂನ್ ಒಳಗೆ ಬದಲಿಸಿದರೆ ಒಳ್ಳೆಯದು ಅಂದರು. ಮುಂದಿನ ಶನಿವಾರ ಬನ್ನಿ ಅಂದೆ.